ಅಲಗಿನ ಹದ: ಈಳಿಗೆಯಿಂದ ಜಪಾನಿನ ಚಾಕುವಿನವರೆಗೆ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಬೇವೂರು ಕಡೆಯ ಹಳೆಯ ಮನೆಗಳಲ್ಲಿ ಅಡುಗೆ ಕೆಲಸ ಶುರುವಾಗುತ್ತಿದ್ದುದು ಈಳಿಗೆಯಿಂದ. ಮನೆಯ ಹೆಣ್ಣುಮಗಳು ನೆಲದ ಮೇಲೆ ಕುಳಿತು, ಮಣೆಯನ್ನು ಒಂದು ಕಾಲಿನಿಂದ ಒತ್ತಿ ಹಿಡಿದು, ಬದನೆಕಾಯಿಯನ್ನೋ ಹೀರೇಕಾಯಿಯನ್ನೋ ಎರಡೂ ಕೈಗಳಿಂದ ಅಲಗಿಗೆ ಒತ್ತುತ್ತಿದ್ದಳು. ಕಾಯಿ ಸರಿಯುತ್ತಿತ್ತು, ಅಲಗು ಇದ್ದಲ್ಲೇ ಇರುತ್ತಿತ್ತು. ಕೆಲಸ ಮುಗಿದ ಮೇಲೆ ಈಳಿಗೆ ಗೋಡೆಯ ಮೂಲೆಗೆ ಹೋಗುತ್ತಿತ್ತು. ಮಹಾನವಮಿಯ ಖಂಡೆಪೂಜೆಯ ದಿನ ಕುಡುಗೋಲು, ಕೊಡಲಿ, ಕುರ್ಪಿಗಳ ಜತೆಗೆ ಅದಕ್ಕೂ ಕುಂಕುಮ ಬೀಳುತ್ತಿತ್ತು.

ಇಂದು ಆ ಮೂಲೆ ಬಹಳಷ್ಟು ಮನೆಗಳಲ್ಲಿ ಖಾಲಿಯಾಗಿದೆ. ಗ್ಯಾಸ್ ಒಲೆ ಬಂದು, ಅಡುಗೆ ಕಟ್ಟೆಯ ಮೇಲಕ್ಕೆ ಏರಿತು. ನಿಂತು ಅಡುಗೆ ಮಾಡುವವರಿಗೆ ಕುಳಿತು ಹೆಚ್ಚುವ ಈಳಿಗೆ ಒಗ್ಗುವುದಿಲ್ಲ. ಅದರ ಜಾಗಕ್ಕೆ ಪ್ಲಾಸ್ಟಿಕ್ ಹಿಡಿಯ ಸ್ಟೀಲ್ ಚಾಕು ಬಂದಿತು. ಈಚಿನ ವರ್ಷಗಳಲ್ಲಿ ಅದರ ಪಕ್ಕದಲ್ಲೇ ಜಪಾನಿನ ಚಾಕು ಕೂಡ ಕಾಣಿಸಿಕೊಂಡಿದೆ. ಹಲವು ಸಾವಿರ ರೂಪಾಯಿ ಕೊಟ್ಟು ತಂದ ಚಾಕು ಮೊದಲ ತಿಂಗಳು ಟೊಮೆಟೊದ ಸಿಪ್ಪೆಯನ್ನು ಗಾಳಿಯಂತೆ ಸೀಳುತ್ತದೆ. ಆರು ತಿಂಗಳಾಗುವಷ್ಟರಲ್ಲಿ ಅದೇ ಚಾಕು ಟೊಮೆಟೊವನ್ನು ಹಿಸುಕಲು ಆರಂಭಿಸುತ್ತದೆ. ಚಾಕು ಕೆಟ್ಟಿತೆಂದು ಮನೆಯವರು ತಿಳಿಯುತ್ತಾರೆ. ವಾಸ್ತವವಾಗಿ ಕೆಟ್ಟಿರುವುದು ಏನೂ ಇಲ್ಲ. ಮಸೆಯುವವರು ಇಲ್ಲವಾಗಿದ್ದಾರೆ ಅಷ್ಟೆ.

ಈ ಮಸೆಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಬಹಳ ಹಳೆಯ ಕಾಲದ ಕೆಲವು ಮಸೆಗಲ್ಲುಗಳು ಇಲ್ಲಿಂದ ದೂರವೇನೂ ಇಲ್ಲ.

ಬಂಡೆಯ ಮೇಲಿನ ಗುಳಿಗಳು

ಬಳ್ಳಾರಿಯ ಸಮೀಪದ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದರು. ಅಲ್ಲಿನ ಕರಿಕಲ್ಲಿನ ಚೂರುಗಳನ್ನು ಒಡೆದು ಆಕಾರ ಕೊಟ್ಟು, ಬಳಿಕ ಗ್ರಾನೈಟ್ ಬಂಡೆಯ ಮೇಲೆ ನೀರು ಹಾಕಿ ಉಜ್ಜಿ ಬಾಯಿ ನುಣುಪು ಮಾಡುತ್ತಿದ್ದರು. ಹಾಗೆ ಉಜ್ಜಿ ಉಜ್ಜಿ ಬಂಡೆಯಲ್ಲಿ ದೋಣಿಯಾಕಾರದ ಗುಳಿಗಳು ಬಿದ್ದಿವೆ. ಈ ಬೆಟ್ಟಗಳ ಪ್ರಾಚೀನ ಅವಶೇಷಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಲೋಕದ ಗಮನಕ್ಕೆ ತಂದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಪ್ರಮುಖರು. ಕಬ್ಬಿಣ ಕಾಣುವುದಕ್ಕೆ ಬಹಳ ಮೊದಲೇ ಇಲ್ಲಿಯ ಜನಕ್ಕೆ ಒಂದು ಸಂಗತಿ ತಿಳಿದಿತ್ತು: ಗಟ್ಟಿ ವಸ್ತುವನ್ನು ಅದಕ್ಕಿಂತ ಗಟ್ಟಿಯಾದ ಹರಳುಗಳ ಮೇಲೆ, ನೀರಿನೊಂದಿಗೆ, ಒಂದೇ ಕೋನದಲ್ಲಿ ಉಜ್ಜಿದರೆ ಅಲಗು ಹುಟ್ಟುತ್ತದೆ. ಇಂದು ಜಪಾನಿನ ಚಾಕುವಿನ ಜತೆಗೆ ಮಾರುವ ಮಸೆಗಲ್ಲಿನ ಹಿಂದಿರುವ ತತ್ತ್ವವೂ ಇಷ್ಟೇ.

ಕಬ್ಬಿಣದ ಕಥೆಯೂ ಈ ನೆಲದಲ್ಲಿ ಹಳೆಯದು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ಕ್ರಿಸ್ತಪೂರ್ವ ಸುಮಾರು ಸಾವಿರ ವರ್ಷದ ಹಿಂದಿನ ಕಬ್ಬಿಣದ ಸಾಧನಗಳು ದೊರೆತವು. ಕೊಪ್ಪಳ ಜಿಲ್ಲೆಯಲ್ಲೇ ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಕಲ್ಲುಮನೆಗಳು ಇಂದಿಗೂ ನಿಂತಿವೆ. ಅವು ಬೃಹತ್ ಶಿಲಾ ಸಮಾಧಿಗಳ ಕಾಲದವು. ಆ ಕಾಲವನ್ನೇ ವಿದ್ವಾಂಸರು ದಕ್ಷಿಣದ ಕಬ್ಬಿಣದ ಯುಗವೆನ್ನುತ್ತಾರೆ. ಆನೆಗೊಂದಿಯ ಸಮೀಪದ ಕಡೇಬಾಗಿಲು ಎಂಬಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಉತ್ಖನನ ನಡೆಯಿತು. ಅಲ್ಲಿ ಸಿಕ್ಕ ಲೋಹದ ವಸ್ತುಗಳನ್ನು ಪರೀಕ್ಷಿಸಿದ ಲೋಹಶಾಸ್ತ್ರಜ್ಞರು ಬರಿಯ ಕಬ್ಬಿಣದ ಜತೆಗೆ ಹೆಚ್ಚು ಇಂಗಾಲವಿರುವ ಉಕ್ಕನ್ನೂ ಗುರುತಿಸಿದರು.

ಹದ ಎಂಬ ಮಾತು

ಕಬ್ಬಿಣಕ್ಕೂ ಉಕ್ಕಿಗೂ ಇರುವ ಅಂತರ ಇಂಗಾಲದ್ದು. ಶುದ್ಧ ಕಬ್ಬಿಣ ಮೆತ್ತಗೆ. ಅದರಲ್ಲಿ ನೂರಕ್ಕೆ ಅರ್ಧ ಭಾಗದಿಂದ ಒಂದೂವರೆ ಭಾಗದವರೆಗೆ ಇಂಗಾಲ ಬೆರೆತರೆ, ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದಾಗ ಅದು ಗಾಜಿನಷ್ಟು ಗಡುಸಾಗುತ್ತದೆ. ಗಾಜಿನಂತೆಯೇ ಸಿಡಿಯಲೂಬಹುದು. ಹೀಗಾಗಿ ಕಮ್ಮಾರ ಅದನ್ನು ಮತ್ತೆ ಸಣ್ಣ ಉರಿಯಲ್ಲಿ ಕಾಯಿಸಿ ಗಡುಸನ್ನು ಸ್ವಲ್ಪ ಇಳಿಸುತ್ತಾನೆ. ಇದೇ ಹದ. ಮಳೆ ಬಿದ್ದ ಹೊಲಕ್ಕೆ, ಕುದಿಯುವ ಸಾರಿಗೆ, ಕುಲುಮೆಯ ಅಲಗಿಗೆ ಕನ್ನಡದಲ್ಲಿ ಬಳಸುವುದು ಇದೊಂದೇ ಮಾತು. ಮೂರರಲ್ಲೂ ಅತಿಯಾದರೆ ಕೆಡುತ್ತದೆ, ಕಡಿಮೆಯಾದರೆ ಸಾಲದು.

ಮೆತ್ತನೆಯ ಅಲಗು ಬೇಗ ಮೊಂಡಾಗುತ್ತದೆ, ಆದರೆ ಮುರಿಯುವುದಿಲ್ಲ. ಕಲ್ಲಿಗೆ ನಾಲ್ಕು ಸಲ ಉಜ್ಜಿದರೆ ಮತ್ತೆ ಹರಿತವಾಗುತ್ತದೆ. ಗಡುಸು ಅಲಗು ತಿಂಗಳುಗಟ್ಟಲೆ ಹರಿತವಾಗಿ ಉಳಿಯುತ್ತದೆ. ಎಲುಬಿಗೆ ತಾಗಿದರೆ ಚಕ್ಕೆ ಹಾರುತ್ತದೆ, ಮಸೆಯಲು ಒಳ್ಳೆಯ ಕಲ್ಲೂ ತಾಳ್ಮೆಯೂ ಬೇಕು. ಲೋಕದ ಎಲ್ಲ ಅಡುಗೆಮನೆಗಳ ಅಲಗುಗಳು ಈ ಎರಡು ತುದಿಗಳ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತವೆ.

ಈಳಿಗೆ ನಿಂತದ್ದು ಮೆತ್ತನೆಯ ಕಡೆಗೆ. ಇದನ್ನು ಕರಾವಳಿ, ಮಲೆನಾಡುಗಳಲ್ಲಿ ಮೆಟ್ಟುಕತ್ತಿ ಎನ್ನುತ್ತಾರೆ. ಮರಾಠಿಯಲ್ಲಿ ವಿಳಿ, ತೆಲುಗಿನಲ್ಲಿ ಕತ್ತಿಪೀಟ, ತಮಿಳಿನಲ್ಲಿ ಅರುವಾಮಣೈ, ಬಂಗಾಳಿಯಲ್ಲಿ ಬೊಂಟಿ. ಅಲಗು ಕೈಯಲ್ಲಿ ಆಡುವುದಿಲ್ಲವಾದ್ದರಿಂದ ಅದು ದಪ್ಪವಾಗಿದ್ದರೂ ಭಾರವೆನಿಸದು. ಎರಡೂ ಕೈಗಳ ಬಲ ಕಾಯಿಯ ಮೇಲೆ ಬೀಳುವುದರಿಂದ ಅಲಗು ತೀರ ಹರಿತವಾಗಿರದಿದ್ದರೂ ಕೆಲಸ ಸಾಗುತ್ತದೆ. ಕುಂಬಳಕಾಯಿಯಂಥ ಗಟ್ಟಿ ಕಾಯಿಗೂ ಕೊತ್ತಂಬರಿಯಂಥ ಎಳೆ ಸೊಪ್ಪಿಗೂ ಅದೊಂದೇ ಸಾಕು. ಹಲವು ಈಳಿಗೆಗಳ ತುದಿಯಲ್ಲೇ ತೆಂಗಿನಕಾಯಿ ತುರಿಯುವ ಹಲ್ಲುಗಳೂ ಇರುತ್ತವೆ. ಮೊಂಡಾದಾಗ ಒಂದು ಕಲ್ಲಿನ ತುಂಡನ್ನು ಅಲಗಿನ ಮೇಲೆ ಆಡಿಸಿದರೆ ಮತ್ತೆ ಕೆಲವು ದಿನ ನಡೆಯುತ್ತಿತ್ತು. ಕಬ್ಬಿಣದ ಅಲಗಿನಿಂದ ಹೆಚ್ಚಿದ ಬದನೆ, ಬಾಳೆಕಾಯಿಗಳು ಬೇಗ ಕಪ್ಪಾಗುತ್ತವೆಂದು ಹೆಂಗಸರು ಹೋಳುಗಳನ್ನು ಕೂಡಲೇ ನೀರಿಗೆ ಹಾಕುತ್ತಿದ್ದರು. ಕಾಯಿಯಲ್ಲಿರುವ ಒಗರು ಕಬ್ಬಿಣದೊಂದಿಗೆ ಸೇರಿ ಆಗುವ ಬಣ್ಣವದು.

ಕಲ್ಲಿನಿಂದ ಸರಿಹೋಗದಷ್ಟು ಅಲಗು ಸವೆದಾಗ ಅದು ಕಮ್ಮಾರನ ಕುಲುಮೆಗೆ ಹೋಗುತ್ತಿತ್ತು. ತಿದಿ, ಅಡಿಗಲ್ಲು, ಸುತ್ತಿಗೆ, ಇಕ್ಕಳಗಳಿಂದ ಆತ ಅದನ್ನು ಕಾಯಿಸಿ ಬಡಿದು ತೆಳ್ಳಗೆ ಮಾಡಿ ಹೊಸ ಬಾಯಿ ಕೊಡುತ್ತಿದ್ದ. ಇದಕ್ಕೆ ಆಗಾಗ ಹಣ ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ರೈತ ಕಣದಿಂದಲೇ ಜೋಳ ಅಳೆದು ಕೊಡುತ್ತಿದ್ದ. ಅದೇ ಆಯ. ಬಡಿಗ, ಕುಂಬಾರ, ಅಗಸರಂತೆ ಕಮ್ಮಾರನೂ ಊರಿನ ಆಯಗಾರ. ಬಿತ್ತನೆಗೆ ಮೊದಲು ಕುಂಟೆ, ಕೂರಿಗೆಗಳ ಕೆಲಸ, ಸುಗ್ಗಿಗೆ ಮೊದಲು ಕುಡುಗೋಲಿನ ಹಲ್ಲು, ನಡುವೆ ಬಿಡುವಾದಾಗ ಮನೆಯ ಈಳಿಗೆ. ಹರಿತವೆಂಬುದು ಹೀಗೆ ಇಡೀ ಊರಿನ ಏರ್ಪಾಡಾಗಿತ್ತು.

ಉಕ್ಕು ಹೋದ ದಾರಿ

ಗಡುಸು ಅಲಗಿನ ವಿದ್ಯೆಯೂ ಈ ನಾಡಿಗೆ ಗೊತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮಾಗಡಿಯ ಸುತ್ತಮುತ್ತ ಉಕ್ಕು ಮಾಡುವುದನ್ನು ಕಂಡು ವಿವರವಾಗಿ ಬರೆದಿದ್ದಾನೆ. ಸಣ್ಣ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಟ್ಟಿಗೆ, ಹಸಿ ಎಲೆಗಳನ್ನು ಹಾಕಿ ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. ಈ ಉಕ್ಕಿನಿಂದ ಕಲ್ಲುಕುಟಿಗರ ಉಳಿ, ಕತ್ತಿಯ ಅಲಗುಗಳಾಗುತ್ತಿದ್ದವು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರು.

ಇಂಗ್ಲೆಂಡಿಗೆ ಈ ಲೋಹ ‘ವೂಟ್ಜ್’ ಎಂಬ ಹೆಸರಿನಲ್ಲಿ ತಲುಪಿತು. ಕನ್ನಡದ ‘ಉಕ್ಕು’ ಎಂಬ ಮಾತೇ ವಿದೇಶಿಯರ ಕಿವಿಯಲ್ಲೋ ಲೇಖನಿಯಲ್ಲೋ ಹೀಗೆ ತಿರುಚಿಕೊಂಡಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಬಗ್ಗೆ ಪ್ರಬಂಧ ಓದಿದ. ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಶಸ್ತ್ರವೈದ್ಯರ ಚಾಕು, ಕ್ಷೌರದ ಕತ್ತಿಗಳನ್ನು ಮಾಡುತ್ತಿದ್ದವನು. ಯೂರೋಪಿನ ಉತ್ತಮ ಉಕ್ಕಿಗಿಂತ ಭಾರತದ ಉಕ್ಕೇ ಮೇಲೆಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ್ದ. ಅವನೊಂದಿಗೆ ಸೇರಿ ಮೈಕೇಲ್ ಫ್ಯಾರಡೆ 1819ರಿಂದ ಕೆಲವು ವರ್ಷ ಈ ಉಕ್ಕಿನ ಗುಟ್ಟು ಹುಡುಕಿದ. ವಿದ್ಯುತ್ತಿನ ಸಂಶೋಧನೆಯಿಂದ ಮುಂದೆ ಲೋಕಪ್ರಸಿದ್ಧನಾದ ಫ್ಯಾರಡೆ ಕಮ್ಮಾರನ ಮಗ ಎಂಬುದನ್ನು ಇಲ್ಲಿ ನೆನೆಯಬಹುದು.

ಗುಟ್ಟು ಪೂರ್ತಿ ಬಿಡಿಸುವ ಮೊದಲೇ ಉಕ್ಕಿನ ಮೂಸೆಗಳು ತಣ್ಣಗಾದವು. 1856ರಲ್ಲಿ ಬೆಸಿಮರ್ ಹೊಸ ವಿಧಾನ ಕಂಡುಹಿಡಿದ ಮೇಲೆ ಕಾರ್ಖಾನೆಯ ಉಕ್ಕು ಅಗ್ಗವಾಗಿ ಹಡಗುಗಳಲ್ಲಿ ಬಂದಿಳಿಯಿತು. ಇತ್ತ 1865 ಮತ್ತು 1878ರ ಅರಣ್ಯ ಕಾಯಿದೆಗಳಿಂದ ಇದ್ದಿಲಿಗೆ ಕಾಡು ಸಿಗುವುದು ಕಷ್ಟವಾಯಿತು. ಮೂಸೆ ಹಿಡಿದವರ ಕೈಕಸುಬು ಬರವಣಿಗೆಯಲ್ಲಿ ಉಳಿಯಿತು, ಮಕ್ಕಳ ಕೈಗೆ ಇಳಿಯಲಿಲ್ಲ.

ಕತ್ತಿಯಿಂದ ಚಾಕುವಿಗೆ

ಜಪಾನಿನಲ್ಲಿ ಇಂಥದೇ ಸಂಕಟ ಬೇರೆ ರೀತಿಯಲ್ಲಿ ಬಂತು. 1876ರಲ್ಲಿ ಅಲ್ಲಿನ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ತಲೆಮಾರುಗಳಿಂದ ಕತ್ತಿ ಬಡಿಯುತ್ತಿದ್ದ ಕಮ್ಮಾರರ ಕೆಲಸ ರಾತ್ರೋರಾತ್ರಿ ಬಿದ್ದುಹೋಯಿತು. ಅವರಲ್ಲಿ ಅನೇಕರು ಅಡುಗೆಮನೆಯ ಕಡೆಗೆ ತಿರುಗಿದರು. ಒಸಾಕಾದ ಬಳಿಯ ಸಾಕಾಯ್ ಪಟ್ಟಣದಲ್ಲಿ ಈ ಕೆಲಸ ಮೊದಲೇ ಬೇರೂರಿತ್ತು. ಪೋರ್ಚುಗೀಸರಿಂದ ಬಂದ ಹೊಗೆಸೊಪ್ಪನ್ನು ಕತ್ತರಿಸಲು ಅಲ್ಲಿ ಮಾಡುತ್ತಿದ್ದ ಚಾಕುಗಳಿಗೆ ದೊರೆಗಳ ಗುಣಮಟ್ಟದ ಮುದ್ರೆಯೇ ಸಿಕ್ಕಿತ್ತು. ಸೆಕಿ, ಎಚಿಜೆನ್, ತೋಸಾ ಮೊದಲಾದ ಕೇಂದ್ರಗಳೂ ಬೆಳೆದವು.

ಅವರು ಕತ್ತಿಯಿಂದ ಚಾಕುವಿಗೆ ತಂದ ಜಾಣ್ಮೆ ಎಂದರೆ ಎರಡು ಲೋಹಗಳ ಬೆಸುಗೆ. ಬಾಯಿಗೆ ಗಡುಸಾದ ಉಕ್ಕು, ಮೈಗೆ ಮೆತ್ತನೆಯ ಕಬ್ಬಿಣ. ಅಲಗು ಗಡುಸಾಗಿ ಹರಿತ ಹಿಡಿಯುತ್ತದೆ, ಬೆನ್ನಿನ ಮೆತ್ತನೆಯ ಕಬ್ಬಿಣ ಪೆಟ್ಟನ್ನು ನುಂಗುತ್ತದೆ. ಮಸೆಯುವಾಗಲೂ ಹೆಚ್ಚಿನ ಭಾಗ ಮೆತ್ತನೆಯ ಲೋಹವೇ ಆದ್ದರಿಂದ ಕೈ ಸೋಲುವುದಿಲ್ಲ. ಜಪಾನೀಯರು ‘ಬಿಳಿ ಕಾಗದ’ ಎಂದು ಕರೆಯುವ ಚಾಕುವಿನ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಒಂದು ಭಾಗಕ್ಕಿಂತ ತುಸು ಹೆಚ್ಚು. ನಮ್ಮ ಮೂಸೆಯ ಉಕ್ಕಿನಲ್ಲೂ ಇಂಗಾಲ ಹೆಚ್ಚುಕಡಿಮೆ ಇದೇ ಆಸುಪಾಸಿನಲ್ಲಿ, ಅಥವಾ ಇನ್ನೂ ಸ್ವಲ್ಪ ಮೇಲೆ ಇರುತ್ತಿತ್ತು. ಅಡುಗೆಮನೆಗೆ ಹೊಸದೆನಿಸುವ ಈ ಗಡುಸು ನಾಡಿಗೆ ಅಪರಿಚಿತವೇನಲ್ಲ.

ಯಾವುದನ್ನು ಕೊಳ್ಳುವುದು?

ಜಪಾನಿನ ಚಾಕುಗಳಲ್ಲಿ ಬಗೆಗಳು ಬಹಳ. ನಮ್ಮ ಅಡುಗೆಗೆ ಬೇಕಾದವು ಎರಡು ಮೂರು ಮಾತ್ರ. ‘ನಾಕಿರಿ’ ಎಂಬುದು ಆಯತಾಕಾರದ, ತೆಳ್ಳನೆಯ ಚಾಕು. ಹೆಸರಿನ ಅರ್ಥವೇ ಸೊಪ್ಪು ತರಕಾರಿ ಕತ್ತರಿಸುವುದು. ಪಲ್ಯ, ಕೋಸಂಬರಿಗಳ ಮನೆಗೆ ಇದು ಹೇಳಿ ಮಾಡಿಸಿದ್ದು. ‘ಸಾಂತೋಕು’ ಎಂದರೆ ಮೂರು ಗುಣದ್ದು. ಮಾಂಸ, ಮೀನು, ತರಕಾರಿ ಮೂರಕ್ಕೂ ನಡೆಯುವಂತೆ ಇಪ್ಪತ್ತನೆಯ ಶತಮಾನದಲ್ಲಿ ಮನೆಗಳಿಗಾಗಿಯೇ ರೂಪುಗೊಂಡದ್ದು. ಒಂದೇ ಚಾಕು ಕೊಳ್ಳುವವರಿಗೆ ಇದು ಸಾಕು. ಹಸಿ ಮೀನಿನ ತೆಳು ಹೋಳುಗಳಿಗೆ ಬಳಸುವ, ಒಂದೇ ಮಗ್ಗುಲಿಗೆ ಇಳಿಜಾರಿರುವ ಉದ್ದನೆಯ ಚಾಕುಗಳು ವೃತ್ತಿಯ ಅಡುಗೆಯವರಿಗೆ. ಅವು ಬಹುಪಾಲು ಬಲಗೈಯವರಿಗೆಂದೇ ಮಾಡಿದವು, ಎಡಚರು ಕೇಳಿ ತರಿಸಬೇಕು.

ಲೋಹದ ವಿಷಯದಲ್ಲಿ ಎರಡು ದಾರಿ. ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಹುಣಸೆ, ನಿಂಬೆ, ಟೊಮೆಟೊ ದಿನವೂ ಬಳಸುವ ಮನೆಯಲ್ಲಿ ಅದನ್ನು ಹೆಚ್ಚಿದ ಕೂಡಲೇ ತೊಳೆದು ಒರೆಸಲೇಬೇಕು. ಕೆಲವು ದಿನ ಬಳಸದೆ ಇಡುವುದಾದರೆ ಕೊಬ್ಬರಿ ಎಣ್ಣೆಯ ತೆಳು ಲೇಪ ಒಳ್ಳೆಯದು. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ನೂರಕ್ಕೆ ಹತ್ತೂವರೆ ಭಾಗಕ್ಕಿಂತ ಹೆಚ್ಚಿರುತ್ತದೆ. ತುಕ್ಕಿನ ಭಯ ಕಡಿಮೆ, ಬದನೆಯೂ ಅಷ್ಟು ಕಪ್ಪಾಗದು. ‘ವಿಜಿ-10’ ಎಂಬ ಜಪಾನೀ ಸ್ಟೇನ್‌ಲೆಸ್ ಉಕ್ಕಿನಲ್ಲಿ ಇಂಗಾಲವೂ ನೂರಕ್ಕೆ ಒಂದರಷ್ಟಿದೆ. ಗಡುಸನ್ನು ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಇಂಥವು 60ರ ಸುಮಾರಿಗೆ ನಿಲ್ಲುತ್ತವೆ. ಜರ್ಮನಿಯ ಸಾಮಾನ್ಯ ಅಡುಗೆ ಚಾಕುಗಳು 55ರಿಂದ 58ರ ನಡುವೆ. ಮೊದಲ ಸಲ ಕೊಳ್ಳುವವರಿಗೆ ಸ್ಟೇನ್‌ಲೆಸ್ ಆದದ್ದೇ ವಾಸಿ.

ಯಾವುದನ್ನು ಕೊಂಡರೂ ಈ ಚಾಕುವಿನಿಂದ ತೆಂಗಿನಕಾಯಿ ಒಡೆಯಬಾರದು, ಎಲುಬು ಕಡಿಯಬಾರದು, ಗಂಟುಹಾಕಿದ ಡಬ್ಬಿ ತೆರೆಯಬಾರದು. ಈಳಿಗೆ ಮಾಡುತ್ತಿದ್ದ ಒರಟು ಕೆಲಸ ಇದರಿಂದ ಆಗದು. ಕಲ್ಲಿನ ಕಟ್ಟೆ, ಗಾಜು, ಸ್ಟೀಲ್ ತಟ್ಟೆಯ ಮೇಲೆ ಹೆಚ್ಚಿದರೆ ಅಲಗು ಒಂದೇ ವಾರದಲ್ಲಿ ಹೋಗುತ್ತದೆ. ಮರದ ಮಣೆ ಬೇಕು.

ಮಸೆಯುವ ಕ್ರಮ

ಬೀದಿಯಲ್ಲಿ ಸೈಕಲ್ ತುಳಿಯುತ್ತ ಬರುವ ಸಾಣೆಯವನ ಚಕ್ರ ಕುಡುಗೋಲಿಗೆ, ಅಗ್ಗದ ಚಾಕುವಿಗೆ ಸರಿ. ಗಡುಸಾದ ತೆಳು ಅಲಗಿಗೆ ಅದು ತೀರ ವೇಗ. ಕಿಡಿ ಹಾರುವಷ್ಟು ಬಿಸಿಯಾದರೆ ತುದಿಯ ಹದವೇ ಇಳಿದುಹೋಗುತ್ತದೆ. ಉಜ್ಜುವ ಉಕ್ಕಿನ ಕೋಲೂ ಮೆತ್ತನೆಯ ಚಾಕುಗಳಿಗೆ ಹೊಂದುವಂಥದು, ಗಡುಸು ಅಲಗಿನಲ್ಲಿ ಅದು ಚಕ್ಕೆ ಎಬ್ಬಿಸಬಹುದು. ಈ ಚಾಕುಗಳಿಗೆ ನೀರಿನ ಮಸೆಗಲ್ಲೇ ಬೇಕು.

ಮಸೆಗಲ್ಲುಗಳಿಗೆ ಸಂಖ್ಯೆಗಳಿರುತ್ತವೆ. ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು. ಚಕ್ಕೆ ಹಾರಿದ ಅಲಗಿಗೆ 400, ಮೊಂಡಾದದ್ದಕ್ಕೆ 1000, ಕೊನೆಯ ನುಣುಪಿಗೆ 3000ದಿಂದ 6000. ಮನೆಗೆ 1000ದ ಕಲ್ಲೊಂದಿದ್ದರೆ ಮುಕ್ಕಾಲು ಕೆಲಸ ಆದಂತೆ. ಕಲ್ಲನ್ನು, ನೆನೆಸಬೇಕಾದ ಬಗೆಯದಾದರೆ, ಹತ್ತು ಹದಿನೈದು ನಿಮಿಷ ನೀರಿನಲ್ಲಿಟ್ಟು ಒದ್ದೆ ಬಟ್ಟೆಯ ಮೇಲೆ ಜಾರದಂತೆ ಇಡಬೇಕು. ಚಾಕುವಿನ ಬೆನ್ನನ್ನು ಕಲ್ಲಿನಿಂದ ಸುಮಾರು 15 ಡಿಗ್ರಿ ಎತ್ತಬೇಕು. ನಾಲ್ಕೂವರೆ ಸೆಂಟಿಮೀಟರ್ ಅಗಲದ ಚಾಕುವಿಗೆ ಇದು ಬೆನ್ನಿನ ಕೆಳಗೆ ಕಿರುಬೆರಳಿನ ದಪ್ಪದಷ್ಟು ಸಂದು ಬಿಟ್ಟಂತೆ. ಆ ಸಂದು ಕೊನೆಯವರೆಗೆ ಬದಲಾಗಬಾರದು. ಇಡೀ ವಿದ್ಯೆ ಇರುವುದು ಇಷ್ಟರಲ್ಲೇ.

ಎಡಗೈಯ ಬೆರಳುಗಳಿಂದ ಅಲಗಿನ ಮೇಲೆ ಹಗುರಾಗಿ ಒತ್ತಿ, ಹಿಂದೆ ಮುಂದೆ ಉಜ್ಜುತ್ತ ಬುಡದಿಂದ ತುದಿಯವರೆಗೆ ಸಾಗಬೇಕು. ಕಲ್ಲಿನ ಮೇಲೆ ಏಳುವ ಕೆಸರನ್ನು ತೊಳೆಯಬಾರದು, ಉಜ್ಜುವ ಕೆಲಸದಲ್ಲಿ ಅದಕ್ಕೂ ಪಾಲಿದೆ. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಮಗ್ಗುಲಿನಲ್ಲಿ ನವಿರಾದ ತರಿ ಎದ್ದಿರುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಅಲಗಿನ ಆಚೆಗೆ ಅಡ್ಡಲಾಗಿ ಸರಿಸಿದರೆ ಅದು ತಾಗುತ್ತದೆ. ಅಲಗಿನ ಉದ್ದಕ್ಕೆ ಎಂದೂ ಬೆರಳು ಎಳೆಯಬಾರದು. ಬುಡದಿಂದ ತುದಿಯವರೆಗೆ ತರಿ ಎದ್ದ ಮೇಲೆ ಚಾಕು ತಿರುಗಿಸಿ ಅಷ್ಟೇ ಕೆಲಸ ಮಾಡಬೇಕು. ಕೊನೆಗೆ ಎರಡೂ ಕಡೆ ಒತ್ತಡವಿಲ್ಲದೆ ಕೆಲವು ಸಲ ಎಳೆದರೆ ತರಿ ಬಿದ್ದುಹೋಗುತ್ತದೆ. ಹಳೆಯ ವೃತ್ತಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಕತ್ತರಿಸಿ ನೋಡಬಹುದು. ಬಳಸಿ ಬಳಸಿ ನಡು ತಗ್ಗಾದ ಕಲ್ಲನ್ನು ಆಗಾಗ ಸಮ ಮಾಡಿಕೊಳ್ಳಬೇಕು. ಸಂಗನಕಲ್ಲಿನ ಬಂಡೆಯ ಗುಳಿಗಳು ಆದದ್ದೂ ಹೀಗೆಯೇ ತಾನೆ!

ಉಳಿದಿರುವ ಕುಲುಮೆ

ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಸೀಮೆಯಲ್ಲಿ ಇಂದು ಕಬ್ಬಿಣಕ್ಕೆ ಕೊರತೆ ಇಲ್ಲ. ಹೊಸಪೇಟೆ, ಸಂಡೂರಿನ ಅದಿರು ದಶಕಗಳ ಕಾಲ ಜಪಾನಿಗೆ ಹಡಗೇರಿ ಹೋಗಿದೆ. ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆಯ ಒಡೆತನದಲ್ಲಿ 2010ರಿಂದ ಜಪಾನಿನ ಕಂಪನಿಯೊಂದಕ್ಕೂ ಪಾಲಿದೆ. ಕೊರತೆ ಬಂದಿರುವುದು ಅಲಗಿಗೆ ಹದ ಕೊಡುವ ಕೈಗಳಿಗೆ. ಆಯದ ಪದ್ಧತಿ ಮುರಿದ ಮೇಲೆ, ಕುಂಟೆಯ ಕೆಲಸ ಟ್ರ್ಯಾಕ್ಟರಿಗೆ ಹೋದ ಮೇಲೆ ಎಷ್ಟೋ ಊರುಗಳಲ್ಲಿ ಕುಲುಮೆಯ ಬೂದಿ ತಣ್ಣಗಾಗಿದೆ. ಉಳಿದ ಕಮ್ಮಾರರು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಕಾಯಿಸಿ ಕೊಡಲಿ, ಕತ್ತಿ, ಈಳಿಗೆಗಳನ್ನು ಮಾಡುತ್ತಾರೆ. ಆ ಪಟ್ಟಿ ಒಳ್ಳೆಯ ಉಕ್ಕು. ಹದವರಿತ ಕೈಗೆ ಸಿಕ್ಕರೆ ಅದರಿಂದ ಉತ್ತಮ ಅಡುಗೆ ಚಾಕೂ ಆಗುತ್ತದೆ. ಕೇಳುವವರು ಇಲ್ಲದಿದ್ದರೆ ಮಾಡುವವರೂ ಇರುವುದಿಲ್ಲ.

ಸಾಕಾಯ್ ಪಟ್ಟಣದ ಕಮ್ಮಾರರು ಕತ್ತಿ ಹೋದರೂ ಉಳಿದುಕೊಂಡದ್ದು, ಅವರ ಕೆಲಸದ ಬೆಲೆ ತಿಳಿದ ಅಡುಗೆಯವರು ಇದ್ದುದರಿಂದ. ಜಪಾನಿನ ಚಾಕು ಕೊಂಡು ಮಸೆಯಲು ಕಲಿತವರಿಗೆ ಆ ಬೆಲೆ ಅರ್ಥವಾಗುತ್ತದೆ. ಕೋನ ತಪ್ಪಿದರೆ ಏನಾಗುತ್ತದೆ, ಗಡುಸು ಹೆಚ್ಚಾದರೆ ಏನು, ಕಡಿಮೆಯಾದರೆ ಏನು ಎಂಬುದು ಕೈಗೇ ತಿಳಿಯುತ್ತದೆ. ಅಂಥವರು ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿರುವ ಅಜ್ಜಿಯ ಈಳಿಗೆಯನ್ನು ಒಮ್ಮೆ ಕೆಳಗಿಳಿಸಿ ಅದೇ ಕಲ್ಲಿನ ಮೇಲೆ ಉಜ್ಜಿ ನೋಡಬೇಕು. ತುಕ್ಕು ಹೋಗಿ ಅಲಗು ಬೆಳ್ಳಗಾಗಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಅದು ಅಂದಿನಿಂದಲೂ ಕಾಯುತ್ತಿದ್ದುದು ಒಂದು ಕಲ್ಲಿಗೆ, ಸ್ವಲ್ಪ ನೀರಿಗೆ ಮಾತ್ರ.